ಅರ್ಜಿ ಹಾಕಿದ ಮೇಲೆ ಎಷ್ಟು ವರ್ಷ ಕಾಯಬೇಕು? ಐರೋಪ್ಯ ಒಕ್ಕೂಟದ ಸದಸ್ಯತ್ವ: ಓದುಗರ ಪ್ರಶ್ನೆಗಳಿಗೆ ಉತ್ತರ

ಉಕ್ರೇನ್ ಐರೋಪ್ಯ ಒಕ್ಕೂಟಕ್ಕೆ ಅರ್ಜಿ ಹಾಕಿದಾಗಿನಿಂದ ಈ ವಿಷಯದ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇವೆ. ಅವುಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ನಾನು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಐರೋಪ್ಯ ಒಕ್ಕೂಟ ಸೇರುವ ಹಂತಗಳು ಪುಸ್ತಕದಲ್ಲಿವೆ. ಆದರೆ ಕೆಲವು ದೇಶಗಳಿಗೆ ಮೂರೇ ವರ್ಷ ಸಾಕಾಯಿತು, ಕೆಲವು ಇಪ್ಪತ್ತು ವರ್ಷವಾದರೂ ಹೊರಗೇ ಇವೆ. ಯಾಕೆ ಹೀಗೆ?
*– ವಿದ್ಯಾರ್ಥಿನಿ, ಧಾರವಾಡ*

ಹಂತಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಇದನ್ನು ‘ಮಾತುಕತೆ’ ಅಂತ ಕರೆಯುತ್ತಾರೆ, ಆದರೆ ಇಲ್ಲಿ ಚೌಕಾಸಿಗೆ ಜಾಗ ತೀರಾ ಕಡಿಮೆ. ಒಕ್ಕೂಟದ ಕಾನೂನುಗಳು ಮೊದಲೇ ಇವೆ. ಹೊಸಬರು ಅವನ್ನು ಒಪ್ಪಲೇಬೇಕು. ಯಾವಾಗ ಜಾರಿ ಮಾಡುತ್ತೀರಿ, ಎಷ್ಟು ಗಡುವು ಬೇಕು ಅನ್ನುವುದರ ಬಗ್ಗೆ ಮಾತ್ರ ಮಾತಾಡಬಹುದು. ಹಾಗಾಗಿ ಕೆಲಸದ ಬಹುಪಾಲು ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ನಡೆಯುವುದಿಲ್ಲ, ಅರ್ಜಿ ಹಾಕಿದ ದೇಶದ ಒಳಗೇ ನಡೆಯುತ್ತದೆ.

ಇನ್ನು ಹಂತಗಳು. ಒಕ್ಕೂಟದ ಒಪ್ಪಂದದ 49ನೇ ವಿಧಿಯ ಪ್ರಕಾರ ಯುರೋಪಿನ ಯಾವ ದೇಶ ಬೇಕಾದರೂ ಅರ್ಜಿ ಹಾಕಬಹುದು. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾನವ ಹಕ್ಕುಗಳಿಗೆ ಅಲ್ಲಿ ಬೆಲೆ ಇರಬೇಕು. 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ ನಾಯಕರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಗಟ್ಟಿಯಾದ ಪ್ರಜಾಸತ್ತೆ ಇರಬೇಕು. ಅಲ್ಪಸಂಖ್ಯಾತರಿಗೆ ರಕ್ಷಣೆ ಇರಬೇಕು. ಪೈಪೋಟಿ ತಡೆದುಕೊಳ್ಳುವ ಮಾರುಕಟ್ಟೆ ಬೇಕು. ಒಕ್ಕೂಟದ ಕಾನೂನನ್ನು ಜಾರಿ ಮಾಡುವ ಆಡಳಿತ ಬೇಕು. ಈ ಕೊನೆಯದನ್ನು ಪರೀಕ್ಷೆಯಲ್ಲಿ ಎಷ್ಟೋ ಜನ ಬರೆಯುವುದೇ ಇಲ್ಲ. ಆದರೆ ನಿಜವಾದ ಕಷ್ಟ ಇರುವುದೇ ಅಲ್ಲಿ. ಕಾನೂನನ್ನು ಒಂದು ದಿನದಲ್ಲಿ ಪಾಸು ಮಾಡಬಹುದು. ಅದನ್ನು ಜಾರಿಗೆ ತರುವ ಇನ್‌ಸ್ಪೆಕ್ಟರು, ನ್ಯಾಯಾಧೀಶರು, ಪ್ರಯೋಗಾಲಯ ಒಂದು ದಿನದಲ್ಲಿ ತಯಾರಾಗುವುದಿಲ್ಲ.

ಅರ್ಜಿ ಬಂದ ಮೇಲೆ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಒಂದು ಪ್ರಶ್ನಾವಳಿ ಕಳಿಸುತ್ತದೆ. ಕ್ರೊಯೇಷಿಯಾಗೆ 2003ರಲ್ಲಿ ಸಿಕ್ಕಿದ್ದು 4,560 ಪ್ರಶ್ನೆಗಳು. ಬೋಸ್ನಿಯಾಗೆ 3,242. ನಿಮ್ಮ ನ್ಯಾಯಾಲಯಗಳಲ್ಲಿ ಎಷ್ಟು ಕೇಸು ಬಾಕಿ ಇವೆ, ಕುರಿ ಮೇಕೆಗೆ ಗುರುತಿನ ಓಲೆ ಇದೆಯಾ, ಸರ್ಕಾರಿ ಟೆಂಡರ್ ಹೇಗೆ ಕರೆಯುತ್ತೀರಿ, ಇಂಥವು. ಉತ್ತರ ಕೊಡಲು ಬೋಸ್ನಿಯಾಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಯಾವ ಇಲಾಖೆ ಯಾವುದಕ್ಕೆ ಉತ್ತರಿಸಬೇಕು ಅನ್ನುವುದೇ ಅಲ್ಲಿ ಜಗಳದ ವಿಷಯವಾಯಿತು.

ಉತ್ತರ ನೋಡಿ ಕಮಿಷನ್ ಅಭಿಪ್ರಾಯ ಕೊಡುತ್ತದೆ. ಎಲ್ಲ ಸದಸ್ಯ ದೇಶಗಳೂ ಒಪ್ಪಿದರೆ ‘ಅಭ್ಯರ್ಥಿ ದೇಶ’ ಅನ್ನುವ ಸ್ಥಾನ ಸಿಗುತ್ತದೆ. ಮಾತುಕತೆ ಶುರು ಮಾಡಲು ಮತ್ತೆ ಎಲ್ಲರ ಒಪ್ಪಿಗೆ ಬೇಕು. ಕಾನೂನುಗಳನ್ನು 35 ಅಧ್ಯಾಯಗಳಾಗಿ ವಿಂಗಡಿಸಿದ್ದಾರೆ. 2020ರ ನಂತರ ಅವನ್ನು ಆರು ಗುಂಪು ಮಾಡಿದ್ದಾರೆ. ನ್ಯಾಯಾಂಗ, ಮೂಲಭೂತ ಹಕ್ಕುಗಳ 23ನೇ ಅಧ್ಯಾಯ ಮತ್ತು ಪೊಲೀಸು, ಗಡಿ, ಭದ್ರತೆಯ 24ನೇ ಅಧ್ಯಾಯ ಎಲ್ಲಕ್ಕಿಂತ ಮೊದಲು ತೆರೆಯುವ ಗುಂಪಿನಲ್ಲಿವೆ. ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ. ತೆರೆಯುವಾಗಲೂ ಮುಚ್ಚುವಾಗಲೂ ಎಲ್ಲರೂ ಹೂಂ ಅನ್ನಬೇಕು. ಎಲ್ಲ ಮುಗಿದ ಮೇಲೆ ಸೇರ್ಪಡೆ ಒಪ್ಪಂದ. ಅದಕ್ಕೆ ಯುರೋಪಿಯನ್ ಸಂಸತ್ತಿನ ಒಪ್ಪಿಗೆ ಬೇಕು, ಆಮೇಲೆ ಪ್ರತಿ ಸದಸ್ಯ ದೇಶದ ಅನುಮೋದನೆ ಬೇಕು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಫಿನ್‌ಲೆಂಡ್ 1992ರಲ್ಲಿ ಅರ್ಜಿ ಹಾಕಿ 1995ರ ಜನವರಿ 1ಕ್ಕೆ ಸದಸ್ಯ ಆಯಿತು. ಅದು ಶ್ರೀಮಂತ ದೇಶ, ಆಡಳಿತ ಚೊಕ್ಕವಾಗಿತ್ತು, ಒಕ್ಕೂಟದ ಕಾನೂನುಗಳಲ್ಲಿ ದೊಡ್ಡ ಭಾಗವನ್ನು ಮೊದಲೇ ಪಾಲಿಸುತ್ತಿತ್ತು. ಅದಕ್ಕೆ ಅಡ್ಡ ಬರುವ ನೆರೆಯವರೂ ಒಳಗಿರಲಿಲ್ಲ. ಕ್ರೊಯೇಷಿಯಾ ಆಗ ತಾನೇ ಯುದ್ಧದಿಂದ ಎದ್ದು ಬಂದಿತ್ತು. 2003ರಲ್ಲಿ ಅರ್ಜಿ ಹಾಕಿ 2013ರ ಜುಲೈ 1ಕ್ಕೆ ಸೇರಿತು. ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿದ್ದ ಹಡಗು ಕಟ್ಟೆಗಳನ್ನು ಖಾಸಗಿಗೆ ಕೊಡಬೇಕಾಯಿತು. ಸಾವಿರಾರು ಜನರ ಕೆಲಸದ ಪ್ರಶ್ನೆ ಅದು. ಜೊತೆಗೆ ಪಿರಾನ್ ಕೊಲ್ಲಿಯ ಗಡಿ ಜಗಳಕ್ಕಾಗಿ, ಆಗಲೇ ಸದಸ್ಯನಾಗಿದ್ದ ನೆರೆಯ ಸ್ಲೊವೇನಿಯಾ ಸುಮಾರು ಹತ್ತು ತಿಂಗಳು ಮಾತುಕತೆಯನ್ನೇ ನಿಲ್ಲಿಸಿಬಿಟ್ಟಿತು. ಕ್ರೊಯೇಷಿಯಾ ಆದಮೇಲೆ ಯಾವ ದೇಶವೂ ಒಳಗೆ ಹೋಗಿಲ್ಲ. ಈಗ ಸಾಲಿನಲ್ಲಿ ಮುಂದಿರುವುದು ಆರು ಲಕ್ಷ ಚಿಲ್ಲರೆ ಜನರ ಪುಟ್ಟ ಮಾಂಟೆನೆಗ್ರೊ. 2012ರಲ್ಲಿ ಮಾತುಕತೆ ಶುರು ಮಾಡಿತು. ಮಾತಾಡಬೇಕಾದ 33 ಅಧ್ಯಾಯಗಳನ್ನೂ ತೆರೆದಾಗಿದೆ. ಒಂದೊಂದಾಗಿ ಮುಚ್ಚುವ ಕೆಲಸ ನಡೆದಿದೆ.

ನಮ್ಮೂರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದೇನೆ. ಒಕ್ಕೂಟ ಸೇರಿದರೆ ದೊಡ್ಡ ಕಂಪನಿಗಳಿಗೆ ಲಾಭ, ಸರಿ. ಒಂದೆರಡು ಹಸು ಕಟ್ಟಿಕೊಂಡ ರೈತನ ಗತಿ ಏನು?
*– ಮಂಡ್ಯ ಜಿಲ್ಲೆಯಿಂದ*

ನಿಮ್ಮ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಇಡೀ ಪ್ರಕ್ರಿಯೆಯನ್ನು ಒಂದು ಹಾಲಿನ ಕ್ಯಾನಿನಲ್ಲೇ ನೋಡಬಹುದು.

ಡೈರಿಯಲ್ಲಿ ನೀವು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಹಾಕುತ್ತೀರಿ ಅಲ್ವಾ? ಒಕ್ಕೂಟದ ನಿಯಮ ಅಲ್ಲಿಗೆ ನಿಲ್ಲುವುದಿಲ್ಲ. ಹಸಿ ಹಾಲಿನ ಒಂದು ಮಿಲಿಲೀಟರ್‌ನಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ 1 ಲಕ್ಷ ದಾಟಬಾರದು. ಕೆಚ್ಚಲುಬಾವು ಇದ್ದರೆ ಏರುವ ಜೀವಕೋಶಗಳ ಸಂಖ್ಯೆ 4 ಲಕ್ಷ ದಾಟಬಾರದು. ಕರೆದ ಹಾಲನ್ನು ದಿನಾ ಒಯ್ಯುವುದಾದರೆ ಕೂಡಲೇ 8 ಡಿಗ್ರಿಗೆ ಇಳಿಸಬೇಕು, ದಿನ ಬಿಟ್ಟು ಒಯ್ಯುವುದಾದರೆ 6 ಡಿಗ್ರಿಗೆ. ಅಂದರೆ ರೈತನ ಮನೆಯಲ್ಲೋ ಊರಿನಲ್ಲೋ ಕೂಲರ್ ಬೇಕು. ಅದಕ್ಕೆ ತಪ್ಪದೆ ಕರೆಂಟ್ ಬೇಕು. ಕೊಟ್ಟಿಗೆಯ ನೆಲ ತೊಳೆಯುವಂತಿರಬೇಕು. ಸ್ಯಾಂಪಲ್ ನೋಡಲು ಎಲ್ಲರೂ ನಂಬುವ ಲ್ಯಾಬ್ ಬೇಕು. ಇದು ಆಹಾರ ಸುರಕ್ಷತೆಯ 12ನೇ ಅಧ್ಯಾಯದ ಒಂದು ಚೂರು ಅಷ್ಟೇ.

ಪೋಲೆಂಡ್ 2004ರಲ್ಲಿ ಸೇರುವಾಗ ಅಲ್ಲಿ ಸಣ್ಣ ರೈತರು ತುಂಬಾ ಇದ್ದರು. ನಿಯಮ ತಲುಪಲು ಆಗದ ಹಾಲಿನ ಘಟಕಗಳಿಗೆ 2006ರ ಕೊನೆಯವರೆಗೆ ಗಡುವು ಕೊಟ್ಟರು. ಅಲ್ಲಿಯವರೆಗೆ ಅವುಗಳ ಸರಕು ತಮ್ಮ ದೇಶದಲ್ಲೇ ಮಾರಾಟವಾಗಬೇಕಿತ್ತು. ಕೃಷಿ ಸಹಾಯಧನವೂ ಮೊದಲ ದಿನವೇ ಪೂರ್ತಿ ಸಿಗಲಿಲ್ಲ. ಹಳೆಯ ಸದಸ್ಯ ದೇಶಗಳ ರೈತರಿಗೆ ಸಿಗುತ್ತಿದ್ದ ಮಟ್ಟದ 25 ಶೇಕಡಾದಿಂದ ಶುರುಮಾಡಿ ವರ್ಷ ವರ್ಷ ಏರಿಸುತ್ತಾ ಹೋದರು. ಆದರೂ ಎಷ್ಟೋ ಸಣ್ಣ ರೈತರು ಹಸು ಮಾರಿದರು. ಉಳಿದವರು ಹಸುಗಳ ಸಂಖ್ಯೆ ಹೆಚ್ಚಿಸಿಕೊಂಡರು. ಇವತ್ತು ಪೋಲೆಂಡ್ ಒಕ್ಕೂಟದ ದೊಡ್ಡ ಹಾಲು ಉತ್ಪಾದಕ ದೇಶಗಳಲ್ಲಿ ಒಂದು, ಮತ್ತು ಅದರಲ್ಲಿ ದೊಡ್ಡ ಪಾಲು ಸಹಕಾರಿ ಸಂಘಗಳದ್ದು. ಲಾಭ ಆಯಿತು ಅನ್ನುವುದು ನಿಜ. ಒಂದೆರಡು ಹಸು ಇದ್ದವನ ಕೈಗೆ ಆ ಲಾಭ ಹೋಗಲಿಲ್ಲ ಅನ್ನುವುದೂ ಅಷ್ಟೇ ನಿಜ. ಮಾತುಕತೆಗೆ ಕೂರುವ ಸರ್ಕಾರಗಳು ಈ ಎರಡನೆಯದನ್ನು ತಮ್ಮ ರೈತರಿಗೆ ಮೊದಲೇ ಬಿಡಿಸಿ ಹೇಳಬೇಕು.

ಯುರೋಪಿನ ಹೊರಗಿನ ದೇಶ ಸೇರಬಹುದಾ? ಟರ್ಕಿ ವಿಷಯ ಏನಾಯಿತು?
*– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ*

ಆಗುವುದಿಲ್ಲ. ಮೊರಾಕೊ 1987ರಲ್ಲಿ ಕೇಳಿ ನೋಡಿತ್ತು. ಅದು ಯುರೋಪಿನ ದೇಶವಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಿದರು.

ಟರ್ಕಿ ಅದೇ ವರ್ಷ ಅರ್ಜಿ ಹಾಕಿತು. ಅದರ ಅರ್ಹತೆಯನ್ನು ತಳ್ಳಿಹಾಕಲಿಲ್ಲ. 1999ರಲ್ಲಿ ಅಭ್ಯರ್ಥಿ ಸ್ಥಾನ ಸಿಕ್ಕಿತು, 2005ರ ಅಕ್ಟೋಬರ್ 3ರಂದು ಮಾತುಕತೆ ಶುರುವಾಯಿತು. ಇಷ್ಟು ವರ್ಷಗಳಲ್ಲಿ ತೆರೆದದ್ದು 16 ಅಧ್ಯಾಯ, ಮುಚ್ಚಿದ್ದು ಒಂದೇ, ವಿಜ್ಞಾನ ಸಂಶೋಧನೆಯದ್ದು. 2006ರಲ್ಲೇ ಎಂಟು ಅಧ್ಯಾಯಗಳಿಗೆ ತಡೆ ಬಿತ್ತು, ಯಾಕೆಂದರೆ ಟರ್ಕಿ ತನ್ನ ಬಂದರುಗಳಿಗೆ ಒಕ್ಕೂಟದ ಸದಸ್ಯ ಸೈಪ್ರಸ್‌ನ ಹಡಗುಗಳನ್ನು ಬಿಡಲಿಲ್ಲ. ಆಮೇಲೆ ಟರ್ಕಿಯ ಒಳಗೇ ಪತ್ರಿಕಾ ಸ್ವಾತಂತ್ರ್ಯ, ನ್ಯಾಯಾಂಗದ ಸ್ಥಿತಿ ಕೆಟ್ಟಿತು. 2018ರಿಂದ ಎಲ್ಲ ನಿಂತಿದೆ. ಅರ್ಜಿಯನ್ನು ಯಾರೂ ವಾಪಸ್ ಕಳಿಸಿಲ್ಲ, ಟರ್ಕಿಯೂ ಹಿಂತೆಗೆದುಕೊಂಡಿಲ್ಲ. ಐಸ್‌ಲ್ಯಾಂಡ್ ಹಾಗಲ್ಲ, 2009ರಲ್ಲಿ ಅರ್ಜಿ ಹಾಕಿ, ಸರ್ಕಾರ ಬದಲಾದ ಮೇಲೆ, ಇನ್ನು ನಮ್ಮನ್ನು ಅಭ್ಯರ್ಥಿ ಅಂತ ಲೆಕ್ಕ ಹಿಡಿಯಬೇಡಿ ಎಂದು 2015ರಲ್ಲಿ ಹೇಳಿಬಿಟ್ಟಿತು. ಮೀನುಗಾರಿಕೆಯ ಹಕ್ಕು ಬಿಟ್ಟುಕೊಡುವುದು ಅಲ್ಲಿನವರಿಗೆ ಬಹಳ ಕಷ್ಟದ ಮಾತು.

ಒಕ್ಕೂಟ ಸೇರಲೆಂದು ಒಂದು ದೇಶ ತನ್ನ ಹೆಸರನ್ನೇ ಬದಲಿಸಿತು ಎಂದು ಓದಿದೆ. ನಿಜವಾ? ಹಾಗೆ ಸೇರಿದರೆ ಸಣ್ಣ ಭಾಷೆಗಳ ಗತಿ ಏನು?
*– ಕನ್ನಡ ಶಿಕ್ಷಕಿ, ಶಿವಮೊಗ್ಗ*

ನಿಜ. ಆ ದೇಶ ಉತ್ತರ ಮ್ಯಾಸಿಡೋನಿಯಾ. ಇದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಯುಗೊಸ್ಲಾವಿಯಾ ಒಡೆದು 1991ರಲ್ಲಿ ಸ್ವತಂತ್ರವಾದಾಗ ಅದು ತನ್ನನ್ನು ‘ಮ್ಯಾಸಿಡೋನಿಯಾ ಗಣರಾಜ್ಯ’ ಎಂದು ಕರೆದುಕೊಂಡಿತು. ಪಕ್ಕದ ಗ್ರೀಸ್ ಸಿಟ್ಟಾಯಿತು. ಗ್ರೀಸ್‌ನ ಉತ್ತರ ಭಾಗದ ಹೆಸರೂ ಮ್ಯಾಸಿಡೋನಿಯಾ. ಅಲೆಕ್ಸಾಂಡರ್‌ನ ನೆನಪು ನಮ್ಮದು, ಹೆಸರಿನ ಹಿಂದೆ ನಮ್ಮ ನೆಲದ ಆಸೆ ಇದೆ ಎಂದು ಗ್ರೀಕರು ವಾದಿಸಿದರು. ದೇಶ ತನ್ನ ಬಾವುಟ ಬದಲಿಸಿತು. ವಿಶ್ವಸಂಸ್ಥೆಯಲ್ಲಿ ‘ಹಿಂದಿನ ಯುಗೊಸ್ಲಾವ್ ಮ್ಯಾಸಿಡೋನಿಯಾ ಗಣರಾಜ್ಯ’ ಅನ್ನುವ ಉದ್ದದ ಹೆಸರಿನಲ್ಲಿ ಕೂತಿತು. 2004ರಲ್ಲಿ ಅರ್ಜಿ ಹಾಕಿತು, 2005ರಲ್ಲಿ ಅಭ್ಯರ್ಥಿ ಆಯಿತು. ಮಾತುಕತೆ ಶುರು ಮಾಡಬಹುದು ಎಂದು ಕಮಿಷನ್ ವರ್ಷ ವರ್ಷವೂ ಹೇಳಿತು. ಗ್ರೀಸ್ ಒಪ್ಪಲಿಲ್ಲ.

2018ರ ಜೂನ್ 17ರಂದು ಎರಡೂ ದೇಶಗಳ ನಡುವಿನ ಪ್ರೆಸ್ಪಾ ಸರೋವರದ ದಡದಲ್ಲಿ, ಗ್ರೀಸ್ ಬದಿಯ ಪ್ಸರಾದೆಸ್ ಅನ್ನುವ ಹಳ್ಳಿಯಲ್ಲಿ, ಹೆಸರು ಬದಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಗ್ರೀಸ್ ಪ್ರಧಾನಿ ಸಿಪ್ರಾಸ್, ಮ್ಯಾಸಿಡೋನಿಯಾ ಪ್ರಧಾನಿ ಜಾಯೆವ್ ಇಬ್ಬರೂ ತಮ್ಮ ದೇಶದಲ್ಲಿ ಬೈಗುಳ ತಿಂದರು. 2019ರ ಫೆಬ್ರವರಿಯಲ್ಲಿ ಹೊಸ ಹೆಸರು ಜಾರಿಗೆ ಬಂತು. ಗಡಿಯಲ್ಲಿ ಕೆಲಸದವರು ಹಳೆಯ ಬೋರ್ಡು ಇಳಿಸಿ ‘ಉತ್ತರ ಮ್ಯಾಸಿಡೋನಿಯಾ ಗಣರಾಜ್ಯ’ ಎಂದು ಬರೆದ ಬೋರ್ಡು ಹಾಕಿದರು. ಪಾಸ್‌ಪೋರ್ಟಿನ ಮೇಲೂ ಕಚೇರಿಗಳ ಮೇಲೂ ಹೆಸರು ಬದಲಾಗಬೇಕಾಯಿತು. ನಾವು 1973ರಲ್ಲಿ ಮೈಸೂರು ರಾಜ್ಯವನ್ನು ಕರ್ನಾಟಕ ಎಂದು ಕರೆದುಕೊಂಡಾಗ ಅದು ನಮ್ಮದೇ ಆಸೆಯಾಗಿತ್ತು. ಅಲ್ಲಿ ನೆರೆಯವರ ಒತ್ತಾಯಕ್ಕೆ ಹೆಸರು ಬಿಟ್ಟರು. ಆ ನೋವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದ ಮೇಲೆ ಬಾಗಿಲು ತೆರೆಯಿತಾ? ಇಲ್ಲ. ಅದೇ 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ತಡೆಯಿತು. ಸೇರ್ಪಡೆಯ ವಿಧಾನವನ್ನೇ ಮೊದಲು ತಿದ್ದಬೇಕು ಎಂದಿತು. ವಿಧಾನ ತಿದ್ದಿದ ಮೇಲೆ 2020ರ ನವೆಂಬರ್‌ನಲ್ಲಿ ಬಲ್ಗೇರಿಯಾ ತಡೆಯಿತು. ಮ್ಯಾಸಿಡೋನಿಯನ್ ಬೇರೆ ಭಾಷೆಯೇ ಅಲ್ಲ, ಬಲ್ಗೇರಿಯನ್ ಭಾಷೆಯದೇ ಒಂದು ರೂಪ ಅನ್ನುವುದು ಅದರ ವಾದ. 2022ರ ಜುಲೈನಲ್ಲಿ ಹೇಗೋ ಮಾತುಕತೆ ಶುರುವಾಯಿತು, ಆದರೆ ಒಂದು ಷರತ್ತಿನ ಮೇಲೆ. ದೇಶದ ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರನ್ನೂ ಸೇರಿಸಬೇಕು. 2021ರ ಜನಗಣತಿಯಲ್ಲಿ ಸುಮಾರು 18 ಲಕ್ಷ ಜನರ ಪೈಕಿ ತಾವು ಬಲ್ಗೇರಿಯನ್ನರು ಎಂದು ಬರೆಸಿದವರು 3,504 ಮಂದಿ. ತಿದ್ದುಪಡಿಗೆ 120 ಸದಸ್ಯರ ಸಂಸತ್ತಿನಲ್ಲಿ ಮೂರನೇ ಎರಡು ಪಾಲು ಮತ ಬೇಕು. 2024ರ ಚುನಾವಣೆಯಲ್ಲಿ ಗೆದ್ದ ಪಕ್ಷ ಈ ಷರತ್ತಿಗೆ ಒಪ್ಪುತ್ತಿಲ್ಲ. ಜೊತೆಯಲ್ಲೇ ನಡೆಯುತ್ತಿದ್ದ ಅಲ್ಬೇನಿಯಾವನ್ನು ಬೇರ್ಪಡಿಸಿ ಮುಂದೆ ಕಳಿಸಿದರು. 2024ರ ಅಕ್ಟೋಬರ್‌ನಲ್ಲಿ ಅದರ ಮೊದಲ ಗುಂಪಿನ ಅಧ್ಯಾಯಗಳು ತೆರೆದವು. ಉತ್ತರ ಮ್ಯಾಸಿಡೋನಿಯಾ ಅರ್ಜಿ ಹಾಕಿದ ವರ್ಷ ಹುಟ್ಟಿದ ಮಕ್ಕಳು ಈಗ ಇಪ್ಪತ್ತು ದಾಟಿದ್ದಾರೆ.

ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ನ್ಯಾಯಾಲಯ ಸರಿಯಿಲ್ಲ, ಲಂಚ ಜಾಸ್ತಿ ಎಂದು ತಡೆಯುವುದು ಬೇರೆ. ಅದನ್ನು ದೇಶ ಸರಿಮಾಡಿಕೊಳ್ಳಬಹುದು. ನಿನ್ನ ಹೆಸರು ಸರಿಯಿಲ್ಲ, ನಿನ್ನ ಭಾಷೆ ಭಾಷೆಯೇ ಅಲ್ಲ ಎಂದು ತಡೆದರೆ ಅವರು ಏನು ಮಾಡಬೇಕು? ಕೊನೆಯ ನಿರ್ಧಾರಕ್ಕೆ ಎಲ್ಲರ ಒಪ್ಪಿಗೆ ಇರಲಿ. ನಡುವಿನ ಪ್ರತಿ ಮೆಟ್ಟಿಲಿಗೂ ಒಂದೊಂದು ದೇಶದ ಕೈಗೆ ಬೀಗ ಕೊಡುವ ಪದ್ಧತಿ ಹೋಗಬೇಕು.

ಇನ್ನು ಭಾಷೆ. ಒಕ್ಕೂಟದ ಒಳಗೆ ಹೋದ ಮೇಲೆ ಸಣ್ಣ ಭಾಷೆಗೆ ಗೌರವ ಚೆನ್ನಾಗಿಯೇ ಇದೆ. ಈಗ 24 ಅಧಿಕೃತ ಭಾಷೆಗಳಿವೆ. ಐದು ಲಕ್ಷ ಚಿಲ್ಲರೆ ಜನರ ಮಾಲ್ಟಾದ ಭಾಷೆಯೂ ಅದರಲ್ಲಿ ಒಂದು. ಒಕ್ಕೂಟದ ಕಾನೂನುಗಳು ಆ ಭಾಷೆಯಲ್ಲೂ ಬರುತ್ತವೆ. ನಿಮ್ಮಂಥ ಭಾಷಾ ಶಿಕ್ಷಕರಿಗೆ ಇನ್ನೊಂದು ಸಂಗತಿ ಹೇಳಲೇಬೇಕು. ಆಸ್ಟ್ರಿಯಾದವರು ಮಾತಾಡುವುದು ಜರ್ಮನ್. ಆದರೆ ಜರ್ಮನಿಯವರು ‘ಕಾರ್ಟೊಫೆಲ್’ ಅನ್ನುವ ಆಲೂಗಡ್ಡೆ ಅವರಿಗೆ ‘ಎರ್ಡ್‌ಎಪ್ಫೆಲ್’, ‘ಟೊಮಾಟೆ’ ಅವರಿಗೆ ‘ಪಾರಾಡೈಸರ್’. ಕರಾವಳಿಯಲ್ಲಿ ಬಟಾಟೆ, ನಿಮ್ಮಲ್ಲಿ ಆಲೂಗಡ್ಡೆ ಇದ್ದ ಹಾಗೆ. ಒಕ್ಕೂಟ ಸೇರಿದರೆ ಪೊಟ್ಟಣಗಳ ಮೇಲೆ ನಮ್ಮ ಮಾತು ಹೋಗಿ ಜರ್ಮನಿಯ ಮಾತು ಬರುತ್ತದೆ ಎಂದು ಅಲ್ಲಿನ ಜನ ಹೆದರಿದ್ದರು. ಅದಕ್ಕೇ ಆಸ್ಟ್ರಿಯಾದ ಸೇರ್ಪಡೆ ಒಪ್ಪಂದದ ಜೊತೆ ಒಂದು ಪಟ್ಟಿ ಇದೆ. ಅದರಲ್ಲಿ ಅಡುಗೆಮನೆಯ 23 ಪದಗಳಿವೆ. ಜರ್ಮನಿಯ ಪದಕ್ಕೆ ಇರುವ ಸ್ಥಾನವೇ ಈ ಪದಗಳಿಗೂ ಇದೆ ಎಂದು ಕಾನೂನಿನಲ್ಲೇ ಬರೆದಿದ್ದಾರೆ.

ನಾನು ನಿವೃತ್ತ ಸೈನಿಕ. ಯುದ್ಧದಲ್ಲಿರುವ ಉಕ್ರೇನ್‌ಗೆ ಅಷ್ಟು ಬೇಗ ಅಭ್ಯರ್ಥಿ ಸ್ಥಾನ ಹೇಗೆ ಸಿಕ್ಕಿತು? ಸೇರಲು ಜನರ ಒಪ್ಪಿಗೆ ಬೇಡವಾ?
*– ಮಡಿಕೇರಿ*

ರಷ್ಯಾ ನುಗ್ಗಿ ನಾಲ್ಕೇ ದಿನಕ್ಕೆ, 2022ರ ಫೆಬ್ರವರಿ 28ರಂದು, ಉಕ್ರೇನ್ ಅರ್ಜಿಗೆ ಸಹಿ ಹಾಕಿತು. ಏಪ್ರಿಲ್ 8ರಂದು ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಕೀವ್‌ಗೆ ಹೋಗಿ ಜೆಲೆನ್‌ಸ್ಕಿ ಕೈಗೆ ಪ್ರಶ್ನಾವಳಿ ಕೊಟ್ಟರು. ಬೋಸ್ನಿಯಾ ಒಂದು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡ ಕೆಲಸವನ್ನು ಉಕ್ರೇನ್ ಬಾಂಬುಗಳ ನಡುವೆ ಕೆಲವೇ ವಾರಗಳಲ್ಲಿ ಮುಗಿಸಿತು. ಜೂನ್ 23ಕ್ಕೆ ಮಾಲ್ಡೋವಾ ಜೊತೆ ಅಭ್ಯರ್ಥಿ ಸ್ಥಾನ ಸಿಕ್ಕಿತು. 2014ರಲ್ಲೇ ಒಕ್ಕೂಟದ ಜೊತೆ ಸಹಭಾಗಿತ್ವದ ಒಪ್ಪಂದ ಆಗಿತ್ತು, ಕಾನೂನು ಬದಲಿಸುವ ಕೆಲಸ ಆಗಲೇ ಶುರುವಾಗಿತ್ತು. ಆದ್ದರಿಂದ ಸುಮ್ನೆ ಕನಿಕರದಿಂದ ಕೊಟ್ಟರು ಅನ್ನಲು ಬರುವುದಿಲ್ಲ.

ಮುಂದಿನ ದಾರಿ ಕಡಿದು. 2023ರ ಡಿಸೆಂಬರ್‌ನಲ್ಲಿ ಮಾತುಕತೆಗೆ ಒಪ್ಪಿಗೆ ಕೊಡುವ ಹೊತ್ತಿಗೆ, ವಿರೋಧಿಸುತ್ತಿದ್ದ ಹಂಗೇರಿ ಪ್ರಧಾನಿ ಓರ್ಬಾನ್ ಸಭೆಯಿಂದ ಎದ್ದು ಹೊರಗೆ ಹೋದರು. ಉಳಿದ 26 ಮಂದಿ ನಿರ್ಧಾರ ಮಾಡಿದರು. ಮತ ಹಾಕದೆ ಇದ್ದರೆ ಅದು ತಡೆಯಾಗುವುದಿಲ್ಲ, ನಿಯಮ ಹಾಗಿದೆ. 2024ರ ಜೂನ್ 25ರಂದು ಮಾತುಕತೆ ವಿಧ್ಯುಕ್ತವಾಗಿ ಶುರುವಾದರೂ ಹಂಗೇರಿಯ ವಿರೋಧದಿಂದ 2025ರ ಉದ್ದಕ್ಕೂ ಒಂದು ಗುಂಪೂ ತೆರೆಯಲಿಲ್ಲ. ಇನ್ನೊಂದು ತೊಡಕು ಧಾನ್ಯದ್ದು. ಉಕ್ರೇನಿನ ಅಗ್ಗದ ಗೋಧಿ, ಮೆಕ್ಕೆಜೋಳ ಬಂದು ಬೆಲೆ ಬಿದ್ದಾಗ, ಅದರ ದೊಡ್ಡ ಬೆಂಬಲಿಗ ಪೋಲೆಂಡಿನ ರೈತರೇ ಗಡಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದರು. ದೇಶದ ಕೆಲವು ಭಾಗ ಬೇರೆಯವರ ಹಿಡಿತದಲ್ಲಿದೆ ಅನ್ನುವುದು ಮಾತ್ರ ಪೂರ್ತಿ ಅಡ್ಡಿಯಲ್ಲ. ಸೈಪ್ರಸ್‌ನ ಉತ್ತರ ಭಾಗ 1974ರಿಂದ ಟರ್ಕಿ ಸೈನ್ಯದ ಹಿಡಿತದಲ್ಲಿದೆ. ಆದರೂ ಅದು 2004ರಲ್ಲಿ ಸೇರಿತು.

ಜನರ ಒಪ್ಪಿಗೆಯ ವಿಷಯ: ಜನಮತಗಣನೆ ಒಕ್ಕೂಟದ ಕಡ್ಡಾಯ ನಿಯಮ ಅಲ್ಲ, ಆದರೆ ಬಹಳಷ್ಟು ದೇಶಗಳು ನಡೆಸುತ್ತವೆ. ನಾರ್ವೆ ಸರ್ಕಾರ ಎರಡು ಸಲ ಮಾತುಕತೆ ಪೂರ್ತಿ ಮುಗಿಸಿತು. 1972ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ ಜನ ಬೇಡ ಅಂದರು. ಎರಡು ಸಲವೂ ಅಂತರ ಸಣ್ಣದು. ಮಾಲ್ಡೋವಾದಲ್ಲಿ 2024ರ ಅಕ್ಟೋಬರ್ 20ರಂದು, ಒಕ್ಕೂಟ ಸೇರುವ ಗುರಿಯನ್ನು ಸಂವಿಧಾನದಲ್ಲಿ ಬರೆಯಬೇಕಾ ಎಂದು ಕೇಳಿದರು. ರಾತ್ರಿ ಎಣಿಕೆಯಲ್ಲಿ ಬಹಳ ಹೊತ್ತು ‘ಬೇಡ’ ಮುಂದಿತ್ತು. ಹೊರದೇಶಗಳಲ್ಲಿ ದುಡಿಯುವವರ ಮತಗಳು ಸೇರಿದ ಮೇಲೆ ಲೆಕ್ಕ ತಿರುಗಿತು. 50.35 ಶೇಕಡಾ ಬೇಕು ಅಂದರು. ಗೆಲುವಿನ ಅಂತರ ಸುಮಾರು ಹತ್ತೂವರೆ ಸಾವಿರ ಮತ. ನಮ್ಮಲ್ಲಿ ಎಷ್ಟೋ ವಿಧಾನಸಭಾ ಕ್ಷೇತ್ರಗಳ ಅಂತರ ಅದಕ್ಕಿಂತ ಜಾಸ್ತಿ ಇರುತ್ತದೆ.

ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ನಾವಿಬ್ಬರೂ ಅವನ ಹತ್ತಿರ ಹೋಗುವವರಿದ್ದೇವೆ. ಒಕ್ಕೂಟದ ಎಲ್ಲ ದೇಶಗಳಿಗೂ ಒಂದೇ ವೀಸಾ ಸಾಕಾಗುತ್ತದಾ?
*– ಗೃಹಿಣಿ, ಮೈಸೂರು*

ಒಕ್ಕೂಟ ಬೇರೆ, ಷೆಂಗೆನ್ ಬೇರೆ, ಅಮ್ಮ. ಒಂದೇ ವೀಸಾದಲ್ಲಿ ಓಡಾಡುವುದು ಷೆಂಗೆನ್ ವ್ಯವಸ್ಥೆ. ಅದರಲ್ಲಿ 29 ದೇಶಗಳಿವೆ. ಸ್ವಿಟ್ಜರ್‌ಲೆಂಡ್, ನಾರ್ವೆ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್‌ನಲ್ಲಿವೆ. ಹಾಗಾಗಿ ಮಗ ಆಲ್ಪ್ಸ್ ತೋರಿಸುತ್ತೇನೆ ಅಂದರೆ ಧೈರ್ಯವಾಗಿ ಹೋಗಿ. ಐರ್ಲೆಂಡ್ ಒಕ್ಕೂಟದ ಸದಸ್ಯ, ಆದರೆ ಅದಕ್ಕೆ ಬೇರೆ ವೀಸಾ ಬೇಕು. ಸೈಪ್ರಸ್ ಕೂಡ ಇನ್ನೂ ಷೆಂಗೆನ್ ಒಳಗೆ ಬಂದಿಲ್ಲ. ಒಕ್ಕೂಟ ಸೇರಿದ ದಿನವೇ ಷೆಂಗೆನ್ ಸಿಗುವುದೂ ಇಲ್ಲ. ಕ್ರೊಯೇಷಿಯಾ 2023ರ ಜನವರಿಯವರೆಗೆ ಕಾಯಿತು. 2007ರಲ್ಲೇ ಸದಸ್ಯರಾದ ರೊಮೇನಿಯಾ, ಬಲ್ಗೇರಿಯಾಗಳ ರಸ್ತೆ, ರೈಲು ಗಡಿಯ ತಪಾಸಣೆ ಹೋದದ್ದು 2025ರ ಜನವರಿ 1ಕ್ಕೆ.

ನೀವು ಅರ್ಜಿಯನ್ನು ಜರ್ಮನಿಗೇ ಹಾಕಿ, ಯಾಕೆಂದರೆ ಹೆಚ್ಚು ದಿನ ಉಳಿಯುವುದು ಅಲ್ಲೇ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಎಷ್ಟು ಸಲ ಒಳಗೆ ಬರಬಹುದು ಅನ್ನುವುದು ವೀಸಾ ಸ್ಟಿಕರ್ ಮೇಲೆಯೇ ಇರುತ್ತದೆ. ‘1’ ಅಂತ ಇದ್ದರೆ, ಮಧ್ಯದಲ್ಲಿ ಲಂಡನ್ನಿಗೋ ಡಬ್ಲಿನ್ನಿಗೋ ಹೋದವರಿಗೆ ಅದೇ ವೀಸಾದಲ್ಲಿ ಮ್ಯೂನಿಕ್‌ಗೆ ವಾಪಸ್ ಬರಲು ಆಗುವುದಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ಅದನ್ನೊಮ್ಮೆ ಮಗನ ಜೊತೆ ಕೂತು ನೋಡಿಕೊಳ್ಳಿ.